ಯಾರಿಗೂ ಬೇಡವಾದ ಕೌಬಾಯ್‌ಗಳು

ಆನ್‌ಸೈಟ್ ಅಂತ ಮೊದಲ ಸಲ ಅಮೆರಿಕಕ್ಕೆ ಹೋದಾಗ ಕಂಪನಿಯವರು ನನ್ನನ್ನು ಇಟ್ಟಿದ್ದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಅಲ್ಲಿಗೆ ಹೋಗಿಬಂದವರಿಗೆ ಗೊತ್ತಿರುತ್ತೆ, ಆ ಊರು ಅಮೆರಿಕ ಅನ್ನಿಸೋದೇ ಇಲ್ಲ. ಸೋನಾ ಮಸೂರಿ ಸಿಗುತ್ತೆ, ಕರಿಬೇವು ಸಿಗುತ್ತೆ, ಅಂಗಡಿಯಲ್ಲಿ ಕ್ಯೂ ನಿಂತರೆ ಹಿಂದಿನಿಂದ ಕನ್ನಡವೂ ಕೇಳಿಸುತ್ತೆ. ಕೌಬಾಯ್ ನೋಡೋ ಆಸೆ ಇಟ್ಕೊಂಡು ಹೋದವನಿಗೆ ಇನ್ನೊಂದು ಬಿಟಿಎಂ ಲೇಔಟ್ ಸಿಕ್ಕಿತ್ತು.

ಅದೇ ಊರಿಗೆ ಸೇರಿದ ನೈಲ್ಸ್ ಅನ್ನೋ ಒಂದು ಹಳೇ ಭಾಗ ಇದೆ. ಒಂದೇ ಮುಖ್ಯ ಬೀದಿ, ಎರಡೂ ಕಡೆ ಹಳೇ ಸಾಮಾನಿನ ಅಂಗಡಿಗಳು, ಪಕ್ಕದಲ್ಲೇ ರೈಲು ಹಳಿ. ಒಂದು ಶನಿವಾರ ಸಂಜೆ ರೂಮ್‌ಮೇಟ್ ಜೊತೆ ಸುಮ್ಮನೆ ಸುತ್ತಾಡ್ತಾ ಹೋದಾಗ ಒಂದು ಪುಟ್ಟ ಥಿಯೇಟರಿನ ಮುಂದೆ ಜನ ನಿಂತಿದ್ದರು. ಒಳಗೆ ಮೂಕಿ ಸಿನಿಮಾ. ಪರದೆಯ ಪಕ್ಕ ಒಬ್ಬರು ಪಿಯಾನೋ ನುಡಿಸೋರು. ರೂಮ್‌ಮೇಟು, "ಲೋ, ಇದಕ್ಕೆಲ್ಲ ದುಡ್ಡು ಕೊಡ್ತೀಯೇನೋ?" ಅಂದ. ಕೊಟ್ಟೆ. ಅವನು ಕಾರಿನಲ್ಲಿ ಕೂತು ಹೆಂಡತಿ ಜೊತೆ ಫೋನಿನಲ್ಲಿ ಮಾತಾಡಿದ.

ಅವತ್ತು ತೋರಿಸಿದ್ದು ಕುದುರೆ, ಪಿಸ್ತೂಲು, ಕಳ್ಳ, ಷರೀಫ್ ಇರೋ ಒಂದು ಸಣ್ಣ ಚಿತ್ರ. ಹೆಸರು ಕೂಡ ನೆನಪಿಲ್ಲ. ಕತೆ ಎರಡನೇ ನಿಮಿಷಕ್ಕೇ ಗೊತ್ತಾಯ್ತು. ಪ್ರಿಂಟಿನ ತುಂಬ ಗೀರು, ನಡುವೆ ಒಂದು ಕಡೆ ಚಿತ್ರವೇ ಕರಗಿ ಹುಳು ಹರಿದಾಡಿದ ಹಾಗೆ ಕಾಣುತ್ತಿತ್ತು. ಆದರೆ ಪಕ್ಕದಲ್ಲಿ ಕೂತಿದ್ದ ಎಪ್ಪತ್ತು ದಾಟಿದ ಅಜ್ಜ ಮಾತ್ರ ಕುರ್ಚಿಯ ತುದಿಗೆ ಬಂದು ಕೂತಿದ್ದರು. ಮುಗಿದ ಮೇಲೆ ನಾನು ಸಲುಗೆ ತಗೊಂಡು ಕೇಳೇಬಿಟ್ಟೆ: "ಇದರಲ್ಲಿ ಅಂಥದ್ದೇನಿದೆ?"

ಅವರಿಗೆ ಸಿಟ್ಟು ಬರಲಿಲ್ಲ. "ಕಳ್ಳನನ್ನು ಯಾಕೆ ನೋಡ್ತೀಯಾ? ಅವನ ಹಿಂದಿರೋ ಬೆಟ್ಟ ನೋಡು," ಅಂದರು. ಆಮೇಲೆ ಗೊತ್ತಾಯ್ತು, ಅವರ ಮನೆಯ ಗ್ಯಾರೇಜಿನಲ್ಲಿ ಕಾರಿಗೆ ಜಾಗ ಇಲ್ಲ, ಬರೀ ರೀಲಿನ ಡಬ್ಬಗಳು. ಅದರಲ್ಲಿ ಹೆಚ್ಚಿನವು ನಾನಾಗಲಿ ನೀವಾಗಲಿ ಹೆಸರೇ ಕೇಳಿರದ ಕೌಬಾಯ್ ಚಿತ್ರಗಳು.

ಮೂರು ತಿಂಗಳ ಆನ್‌ಸೈಟು ಹನ್ನೊಂದು ತಿಂಗಳಾಯ್ತು. ಶನಿವಾರಗಳು ಹೆಚ್ಚುಕಮ್ಮಿ ಅಲ್ಲೇ ಕಳೆದವು. ಅಲ್ಲಿ ಕಂಡಿದ್ದು, ಕೇಳಿದ್ದು, ಆಮೇಲೆ ಓದಿದ್ದು ಎಲ್ಲ ಸೇರಿಸಿ ಇದನ್ನ ಬರೀತಾ ಇದ್ದೀನಿ.

ಮೊದಲು ನೈಲ್ಸ್ ಕತೆ. 1903ರಲ್ಲಿ ಎಡಿಸನ್ ಕಂಪನಿಗೆ ಎಡ್ವಿನ್ ಪೋರ್ಟರ್ 'ದಿ ಗ್ರೇಟ್ ಟ್ರೈನ್ ರಾಬರಿ' ಅನ್ನೋ ಹನ್ನೆರಡು ನಿಮಿಷದ ಚಿತ್ರ ಮಾಡಿದ. ಕಳ್ಳನೊಬ್ಬ ನೇರ ಪ್ರೇಕ್ಷಕರ ಕಡೆಗೇ ಪಿಸ್ತೂಲು ಹಾರಿಸೋ ದೃಶ್ಯ ಅದರಲ್ಲೇ ಇರೋದು. ಪಶ್ಚಿಮದ ಕತೆಯೇನೋ ಸರಿ, ಚಿತ್ರೀಕರಣ ಆಗಿದ್ದು ಮಾತ್ರ ಪೂರ್ವ ತೀರದ ನ್ಯೂಜೆರ್ಸಿ ಕಡೆ. ಅದರಲ್ಲಿ ಮೂರು ಸಣ್ಣ ಪಾತ್ರ ಮಾಡಿದ್ದ ಹುಡುಗನ ಹೆಸರು ಮ್ಯಾಕ್ಸ್ ಆರನ್ಸನ್. ಅವನಿಗೆ ಕುದುರೆ ಸವಾರಿ ಅಷ್ಟಕ್ಕಷ್ಟೇ. ಅವನೇ ಮುಂದೆ ಗಿಲ್ಬರ್ಟ್ ಆಂಡರ್ಸನ್ ಅಂತ ಹೆಸರು ಬದಲಿಸಿಕೊಂಡು, 1907ರಲ್ಲಿ ಜಾರ್ಜ್ ಸ್ಪೂರ್ ಜೊತೆ ಷಿಕಾಗೋದಲ್ಲಿ ಎಸ್ಸನೆ ಕಂಪನಿ ಕಟ್ಟಿದ. ಇಬ್ಬರ ಹೆಸರಿನ ಎಸ್ ಮತ್ತು ಎ ಸೇರಿ ಎಸ್ಸನೆ, ಅಷ್ಟೇ. ಬೆಟ್ಟ, ಕಣಿವೆ, ರೈಲು ಮೂರೂ ಒಂದೇ ಕಡೆ ಇರೋ ಜಾಗ ಹುಡುಕುತ್ತಾ 1912ರಲ್ಲಿ ನೈಲ್ಸಿಗೆ ಬಂದ. 'ಬ್ರಾಂಕೋ ಬಿಲ್ಲಿ' ಅನ್ನೋ ಪಾತ್ರವನ್ನು ತಾನೇ ಮಾಡುತ್ತಾ, ತಾನೇ ನಿರ್ದೇಶಿಸುತ್ತಾ, ಹೆಚ್ಚುಕಮ್ಮಿ ವಾರಕ್ಕೊಂದರಂತೆ ಚಿತ್ರ ಇಳಿಸಿದ. ಚಾಪ್ಲಿನ್ 1915ರಲ್ಲಿ 'ದಿ ಟ್ರ್ಯಾಂಪ್' ತೆಗೆದಿದ್ದೂ ಅಲ್ಲೇ. 1916ರಲ್ಲಿ ಸ್ಟುಡಿಯೋ ಬಾಗಿಲು ಹಾಕಿತು.

ವಾರಕ್ಕೊಂದು ಅಂದರೆ ಲೆಕ್ಕ ಹಾಕಿ. ಅವತ್ತಿಗೆ ಅದು ಇವತ್ತಿನ ಧಾರಾವಾಹಿ ಇದ್ದ ಹಾಗೆ. ಸೋಮವಾರ ಬಂತು, ಶನಿವಾರ ಹೋಯ್ತು. ಯಾರೂ ಎತ್ತಿಡಲಿಲ್ಲ. ಎತ್ತಿಡಬೇಕು ಅಂತ ಯಾರಿಗೂ ಅನ್ನಿಸಲೂ ಇಲ್ಲ.

ಎತ್ತಿಟ್ಟಿದ್ದರೂ ಉಳಿಯೋದು ಸುಲಭ ಇರಲಿಲ್ಲ. 1950ರ ದಶಕದ ಆರಂಭದವರೆಗೂ ಥಿಯೇಟರಿಗೆ ಹೋಗುತ್ತಿದ್ದ 35 ಎಂಎಂ ಫಿಲ್ಮು ಹೆಚ್ಚಾಗಿ ಸೆಲ್ಯುಲೋಸ್ ನೈಟ್ರೇಟಿನದು. ಬಂದೂಕಿಗೆ ತುಂಬೋ ಮದ್ದಿಗೆ ಹತ್ತಿರದ ಸಂಬಂಧಿ. ಉರಿಯೋಕೆ ಬೇಕಾದ ಆಮ್ಲಜನಕ ಅದರೊಳಗೇ ಹುಟ್ಟುತ್ತೆ, ಹಾಗಾಗಿ ನೀರಿನಲ್ಲಿ ಮುಳುಗಿಸಿದರೂ ಉರೀತಾನೇ ಇರುತ್ತೆ. ಉರಿಯದೇ ಹೋದರೆ ಕೊಳೆಯುತ್ತೆ: ಮೊದಲು ಅಂಟಂಟು, ಆಮೇಲೆ ಗಟ್ಟಿ ಉಂಡೆ, ಕೊನೆಗೆ ಕಂದು ಪುಡಿ. 1920ರ ದಶಕದ ಕೊನೆಗೆ ಮಾತಿನ ಚಿತ್ರ ಬಂದ ಮೇಲಂತೂ ಮೂಕಿ ಚಿತ್ರಕ್ಕೆ ಬೆಲೆಯೇ ಇಲ್ಲ. ಸ್ಟುಡಿಯೋದವರು ಫಿಲ್ಮಿನ ಮೇಲಿರೋ ಬೆಳ್ಳಿಗೋಸ್ಕರ ರಾಶಿ ರಾಶಿ ಪ್ರಿಂಟುಗಳನ್ನ ಕರಗಿಸಿದರು. ಗೋದಾಮಿನ ಬಾಡಿಗೆ ಉಳಿಯಿತು, ಮೇಲೆ ನಾಲ್ಕು ಕಾಸೂ ಬಂತು.

1937ರ ಜುಲೈನಲ್ಲಿ ನ್ಯೂಜೆರ್ಸಿಯ ಲಿಟ್ಲ್ ಫೆರಿಯಲ್ಲಿದ್ದ ಫಾಕ್ಸ್ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಟಾಮ್ ಮಿಕ್ಸ್ ಅಂದರೆ ಆ ಕಾಲದ ರಾಜ, ಅವನ ಕುದುರೆ ಟೋನಿಗೂ ಅಭಿಮಾನಿಗಳಿದ್ದರು. ಫಾಕ್ಸಿಗೆ ಅವನು ಮಾಡಿದ ಚಿತ್ರಗಳಲ್ಲಿ ಹೆಚ್ಚಿನವು ಒಂದೇ ರಾತ್ರಿಯಲ್ಲಿ ಹೋದವು. ಅವನಿಗೆ ಸರಿಸಾಟಿಯಾಗಿ ಬೆಳೆಯುತ್ತಿದ್ದ ಇನ್ನೊಬ್ಬ ಫ್ರೆಡ್ ಥಾಮ್ಸನ್. ಮೊದಲು ಚರ್ಚಿನ ಪಾದ್ರಿ, ಕ್ರೀಡಾಪಟು, ಆಮೇಲೆ 'ಸಿಲ್ವರ್ ಕಿಂಗ್' ಅನ್ನೋ ಬಿಳಿ ಕುದುರೆ ಏರಿ ಸ್ಟಾರ್ ಆದವನು. 1928ರ ಕ್ರಿಸ್‌ಮಸ್ ದಿನ, ಇನ್ನೂ ನಲವತ್ತು ತುಂಬದೆ ತೀರಿಕೊಂಡ. ಅವನ ಚಿತ್ರಗಳೂ ಹೆಚ್ಚಿನವು ಇಲ್ಲ. ಹೆಸರೂ ಇಲ್ಲ.

ಒಟ್ಟು ಎಷ್ಟು ಹೋಯ್ತು? 2013ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಒಂದು ವರದಿ ಹೊರತಂದಿತು. 1912ರಿಂದ 1929ರವರೆಗೆ ಅಮೆರಿಕದಲ್ಲಿ ಬಂದ ಪೂರ್ಣಾವಧಿ ಮೂಕಿ ಚಿತ್ರಗಳು ಸುಮಾರು 11 ಸಾವಿರ. ಮೂಲ ರೂಪದಲ್ಲಿ ಪೂರ್ತಿಯಾಗಿ ಉಳಿದಿರೋದು ಶೇಕಡಾ 14. ಇನ್ನೊಂದು ಶೇಕಡಾ 11 ಬೇರೆ ದೇಶದ ಪ್ರಿಂಟಾಗಿಯೋ, ಮನೆಯಲ್ಲಿ ನೋಡೋ ಸಣ್ಣ ಅಳತೆಯ ಫಿಲ್ಮಾಗಿಯೋ ಉಳಿದಿದೆ. ಶೇಕಡಾ 5ರಷ್ಟು ತುಂಡುತುಂಡು. ಉಳಿದ ನೂರಕ್ಕೆ ಎಪ್ಪತ್ತು ಇಲ್ಲವೇ ಇಲ್ಲ.

ನಮ್ಮ ಕೆಲಸದಲ್ಲಿ ಇಂಥ ನಂಬರ್ ಬಂದರೆ ಮಧ್ಯರಾತ್ರಿ ಫೋನು ಹೊಡೆದುಕೊಳ್ಳುತ್ತೆ, ಬೆಳಗಾಗೋದರೊಳಗೆ ಯಾರದೋ ಕೆಲಸ ಹೋಗಿರುತ್ತೆ. ಇಲ್ಲಿ ಯಾರ ಫೋನೂ ಹೊಡೆದುಕೊಳ್ಳಲಿಲ್ಲ.

ಆದರೆ ಆ ಶೇಕಡಾ 11 ಇದೆಯಲ್ಲ, ನನಗೆ ಇಷ್ಟವಾಗಿದ್ದು ಅದು. ಅವು ಉಳಿದಿದ್ದು ಹೆಚ್ಚಾಗಿ ಅಂಚಿನ ಜಾಗಗಳಲ್ಲಿ, ಅಧಿಕಾರವೇ ಇಲ್ಲದ ಜನರ ಕೈಯಲ್ಲಿ. ಆಗ ಪ್ರಿಂಟು ಊರಿಂದ ಊರಿಗೆ ಹೋಗೋದು, ನಮ್ಮ ಟೆಂಟಿಗೆ ಬರೋ ಹೊತ್ತಿಗೆ ರಾಜ್‌ಕುಮಾರ್ ಚಿತ್ರ ನೂರು ಊರು ಸುತ್ತಿ ಬಂದಿರುತ್ತಿತ್ತಲ್ಲ, ಹಾಗೆ. ಸರಪಳಿಯ ಕೊನೆಯ ಊರಿನಿಂದ ವಾಪಸ್ ಕಳಿಸೋ ಖರ್ಚು ಪ್ರಿಂಟಿನ ಬೆಲೆಗಿಂತ ಜಾಸ್ತಿ. ಕಂಪನಿಯವರು, ಅಲ್ಲೇ ಇರಲಿ ಬಿಡಿ ಅಂದುಬಿಡೋರು.

ಕೆನಡಾದ ಉತ್ತರ ಭಾಗದ ಡಾಸನ್ ಸಿಟಿ ಅಂಥ ಕೊನೆಯ ಊರು. ಚಿನ್ನದ ಆಸೆಗೆ ಹುಟ್ಟಿದ್ದು, ಚಿನ್ನ ಮುಗಿದ ಮೇಲೆ ಸೊರಗಿದ್ದು. ಅಲ್ಲಿ ಗುಡ್ಡೆಬಿದ್ದಿದ್ದ ರೀಲುಗಳನ್ನು 1929ರಲ್ಲಿ ಒಂದು ಈಜುಕೊಳದ ಗುಂಡಿಗೆ ಹಾಕಿ ಮಣ್ಣು ಮುಚ್ಚಿ, ಮೇಲೆ ಹಾಕಿ ಆಡೋ ಮಂಜಿನ ಅಂಗಳ ಮಾಡಿದರು. 1978ರಲ್ಲಿ ಕಟ್ಟಡ ಕೆಲಸಕ್ಕೆ ಅಗೆದಾಗ 533 ರೀಲು ಮೇಲೆ ಬಂತು. ವರ್ಷವಿಡೀ ಹೆಪ್ಪುಗಟ್ಟಿರೋ ಆ ನೆಲವೇ ಫ್ರಿಜ್ಜಿನ ಕೆಲಸ ಮಾಡಿತ್ತು. ಕಸ ಅಂತ ಹೂತದ್ದೇ ಕಾಪಾಡಿತು!

ನ್ಯೂಜಿಲೆಂಡೂ ಹಾಗೇ ಒಂದು ಕೊನೆಯ ನಿಲ್ದಾಣ. ಅಲ್ಲಿ ಹಳೇ ಪ್ರಿಂಟುಗಳನ್ನ ಮನೆ ಶೆಡ್ಡಿನಲ್ಲಿ ಇಟ್ಟುಕೊಂಡವರು ಖಾಸಗಿ ಸಂಗ್ರಹಕಾರರು. ಅವರಿಂದ ಅಲ್ಲಿನ ಫಿಲ್ಮ್ ಆರ್ಕೈವಿಗೆ ಬಂದಿದ್ದ ರಾಶಿಯಲ್ಲಿ 75 ಅಮೆರಿಕನ್ ಚಿತ್ರಗಳು ಸಿಕ್ಕಿವೆ ಅಂತ 2010ರಲ್ಲಿ ಸುದ್ದಿಯಾಯ್ತು. ಯೊಸೆಮಿಟಿ ಕಣಿವೆಯಲ್ಲಿ ತೆಗೆದ 'ದಿ ಸಾರ್ಜೆಂಟ್' (1910), ಟೆಕ್ಸಾಸಿನಲ್ಲಿ ತೆಗೆದ 'ಬಿಲ್ಲಿ ಅಂಡ್ ಹಿಸ್ ಪಾಲ್' (1911) ಎರಡೂ ಅದರಲ್ಲಿದ್ದವು. ಮಹಾ ನಿರ್ದೇಶಕ ಜಾನ್ ಫೋರ್ಡ್ ಮೊದಲು ಮಾಡಿದ ಪೂರ್ಣಾವಧಿ ಚಿತ್ರ 'ಸ್ಟ್ರೇಟ್ ಷೂಟಿಂಗ್' (1917) ಕೂಡ ಕೌಬಾಯ್ ಚಿತ್ರವೇ. ಅದು ಉಳಿದಿದ್ದು ಹಾಲಿವುಡ್‌ನಲ್ಲಲ್ಲ, ಪ್ರಾಗ್‌ನಲ್ಲಿ. ಕಪ್ಪು ಜನಾಂಗದ ನಿರ್ದೇಶಕ ಆಸ್ಕರ್ ಮಿಶೋ ಪಶ್ಚಿಮಕ್ಕೆ ಹೋಗಿ ನೆಲ ಹಿಡಿದ ತನ್ನವರ ಬಗ್ಗೆ ಮಾಡಿದ 'ದಿ ಸಿಂಬಲ್ ಆಫ್ ದಿ ಅನ್‌ಕಾಂಕರ್ಡ್' (1920) ಸಿಕ್ಕಿದ್ದು ಬೆಲ್ಜಿಯಮ್ಮಿನಲ್ಲಿ.

ಇನ್ನೊಂದಷ್ಟು ಉಳಿದದ್ದು ಮನೆಗಳಲ್ಲಿ. 1923ರಲ್ಲಿ ಕೊಡಾಕ್ ಕಂಪನಿ 16 ಎಂಎಂ ಫಿಲ್ಮು ತಂತು. ಇದು ಬೇಗ ಬೆಂಕಿ ಹತ್ತಿಕೊಳ್ಳದ ಫಿಲ್ಮು. ನಮ್ಮ ಕಾಲದ ವಿಡಿಯೋ ಕ್ಯಾಸೆಟ್ ಲೈಬ್ರರಿ ಥರ, ಶ್ರೀಮಂತರ ಮನೆಗೆ ಬಾಡಿಗೆಗೆ ಚಿತ್ರ ಕೊಡೋ ಕೊಡಾಸ್ಕೋಪ್ ಲೈಬ್ರರಿಗಳು ಹುಟ್ಟಿಕೊಂಡವು. ದೊಡ್ಡ ಪ್ರಿಂಟು ಬೂದಿಯಾಯ್ತು, ಯಾರದೋ ಮಕ್ಕಳ ಹುಟ್ಟುಹಬ್ಬಕ್ಕೆ ತೋರಿಸಿದ ಸಣ್ಣ ಪ್ರಿಂಟು ಉಳೀತು.

ಅಜ್ಜನ ಗ್ಯಾರೇಜಿನಲ್ಲಿ ಇದ್ದದ್ದೆಲ್ಲ ಇಂಥವೇ. ಮುಚ್ಚಳ ತೆಗೆದ ತಕ್ಷಣ ಒಂದೊಂದರಿಂದ ವಿನೆಗರ್ ವಾಸನೆ ಹೊಡೆಯೋದು. ಬೆಂಕಿ ಹತ್ತದ ಫಿಲ್ಮಿಗೆ ಬರೋ ಕಾಯಿಲೆ ಅದು. "ಇದು ಹೋಗೋ ಮೊದಲು ನಾನು ಹೋಗ್ತೀನಿ ಅಂದ್ಕೊಂಡಿದ್ದೆ. ಈಗ ಇಬ್ಬರಿಗೂ ಪಂದ್ಯ," ಅಂತ ನಗೋರು.

ಸರಿ, ಇದರಲ್ಲಿ ಅವರಿಗೆ ಸಿಗೋ ಸುಖ ಏನು? ಮೊದಲನೇದು ಪತ್ತೇದಾರಿಕೆ. ಹಳೇ ರೀಲಿಗೆ ಎಷ್ಟೋ ಸಲ ಹೆಸರಿನ ಭಾಗವೇ ಇರಲ್ಲ, ಅದು ಮೊದಲು ಸವೆಯೋ ಭಾಗ. ಆಗ ಫಿಲ್ಮಿನ ಅಂಚು ನೋಡಬೇಕು. ಕೊಡಾಕ್‌ನವರು 1916ರಿಂದ ಅಂಚಿನಲ್ಲಿ ವೃತ್ತ, ಚೌಕ, ತ್ರಿಕೋನದ ಗುರುತು ಹಾಕುತ್ತಿದ್ದರು. ಅದರಿಂದ ಫಿಲ್ಮು ತಯಾರಾದ ವರ್ಷ ಗೊತ್ತಾಗುತ್ತೆ. ಚಿತ್ರ ತೆಗೆದ ವರ್ಷ ಅಲ್ಲ, ಈ ಪ್ರಿಂಟಿನ ವರ್ಷ. ಆ ಗುರುತು ಇಪ್ಪತ್ತು ವರ್ಷಕ್ಕೊಮ್ಮೆ ಮತ್ತೆ ಅದೇ ಬರುತ್ತೆ, ಅಲ್ಲೂ ಎಡವಬಹುದು. ಆಮೇಲೆ ಕಾರಿನ ನಂಬರ್ ಪ್ಲೇಟು, ರೈಲಿನ ಹೆಸರು, ಕುದುರೆಯ ಹಣೆಯ ಬಿಳಿ ಮಚ್ಚೆ. ನಾವು ಲಾಗ್ ಫೈಲ್ ಹಿಡ್ಕೊಂಡು ಬಗ್ ಹುಡುಕೋದಕ್ಕೂ ಇದಕ್ಕೂ ಏನೂ ವ್ಯತ್ಯಾಸ ಕಾಣಲಿಲ್ಲ ನನಗೆ. ವರ್ಜೀನಿಯಾದ ಕಲ್‌ಪೆಪರ್‌ನಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ 2012ರಿಂದ 'ಮೋಸ್ಟ್ಲಿ ಲಾಸ್ಟ್' ಅನ್ನೋ ಕೂಟ ನಡೆಸಿತು. ಹೆಸರಿಲ್ಲದ ಚಿತ್ರ ಹಾಕ್ತಾರೆ, ಜನ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಕೂಗ್ತಾ ಕೂಗ್ತಾ ಗುರುತು ಹಿಡೀತಾರೆ. ಥಿಯೇಟರಿನಲ್ಲಿ ಮಾತಾಡಿದರೆ ಬೈಸಿಕೊಳ್ಳದ ಒಂದೇ ಜಾಗ ಅದಿರಬೇಕು.

ಎರಡನೇದು ಅಜ್ಜ ಹೇಳಿದ ಬೆಟ್ಟ. 1890ರ ಜನಗಣತಿ ಆದಮೇಲೆ, ಇನ್ನು ಪಶ್ಚಿಮದ ಗಡಿ ಅನ್ನೋದು ಇಲ್ಲ ಅಂತ ಅಮೆರಿಕ ಸರ್ಕಾರವೇ ಹೇಳಿತ್ತು. ಸಿನಿಮಾ ಬಂದಿದ್ದು ಅದಾಗಿ ಹತ್ತೇ ವರ್ಷದ ಆಸುಪಾಸಿನಲ್ಲಿ. ಅಂದರೆ ಕತೆಯೊಳಗಿನ ಮನುಷ್ಯರೇ ಇನ್ನೂ ಬದುಕಿದ್ದರು. 1908ರ 'ದಿ ಬ್ಯಾಂಕ್ ರಾಬರಿ' ನಿರ್ದೇಶಿಸಿದ್ದು ಬಿಲ್ ಟಿಲ್ಗ್‌ಮನ್ ಅನ್ನೋ ನಿಜವಾದ ಪೊಲೀಸ್ ಅಧಿಕಾರಿ. ಕಳ್ಳನ ಪಾತ್ರ ಮಾಡಿದ್ದು ಆಲ್ ಜೆನ್ನಿಂಗ್ಸ್, ರೈಲು ದರೋಡೆ ಮಾಡಿ ಜೈಲಿಗೆ ಹೋಗಿಬಂದವನು! ಪಶ್ಚಿಮದ ಪ್ರಸಿದ್ಧ ಕಾನೂನು ಪಾಲಕ ವಾಯಟ್ ಅರ್ಪ್ 1929ರಲ್ಲಿ ಸತ್ತಾಗ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಸಿನಿಮಾದ ವಿಲಿಯಂ ಹಾರ್ಟ್, ಟಾಮ್ ಮಿಕ್ಸ್ ಇಬ್ಬರೂ ಇದ್ದರು. ಕತೆ ಸುಳ್ಳು. ಆದರೆ ಜೀನು, ದೂಳು, ಕುದುರೆಯಿಂದ ಇಳಿಯೋ ರೀತಿ, ಹಿಂದಿನ ಬಯಲು, ಅದೆಲ್ಲ ನಿಜ. ದುಡ್ಡಿಲ್ಲದ ಕಂಪನಿಗಳು ಸೆಟ್ ಹಾಕದೆ ಇದ್ದದ್ದನ್ನೇ ತೆಗೆದವು. ಚಿತ್ರ ಎಷ್ಟು ಅಗ್ಗದ್ದೋ ಅಷ್ಟು ನಿಜ ಅದರೊಳಗೆ ಸೇರಿಕೊಂಡಿತು. ಅದಕ್ಕೇ ಸಂಗ್ರಹಕಾರರಿಗೆ ದೊಡ್ಡ ಚಿತ್ರಕ್ಕಿಂತ ಯಾರಿಗೂ ಗೊತ್ತಿಲ್ಲದ ಚಿತ್ರದ ಮೇಲೆ ಅಷ್ಟು ಪ್ರೀತಿ.

ಇವರನ್ನ ದೇವರು ಮಾಡೋಕೆ ಹೊರಟಿಲ್ಲ ನಾನು. ಸಿಕ್ಕಿದ್ದನ್ನು ಯಾರಿಗೂ ತೋರಿಸದೆ, ಕಾಪಿ ಮಾಡಿಸದೆ, ನನ್ನ ಹತ್ತಿರ ಮಾತ್ರ ಇದೆ ಅನ್ನೋ ಜಂಬಕ್ಕೆ ಕೊಳೆಸಿದವರೂ ಇದ್ದಾರೆ. ಹಾಗೆ ಮುಚ್ಚಿಡೋಕೆ ಭಯವೂ ಕಾರಣ ಅನ್ನಿ. 1974ರಲ್ಲಿ ನಟ ರಾಡಿ ಮ್ಯಾಕ್‌ಡವೆಲ್ ಮನೆಗೆ ಎಫ್‌ಬಿಐ ನುಗ್ಗಿ ಅವರ ಸಂಗ್ರಹವನ್ನೆಲ್ಲ ಹೊತ್ತುಕೊಂಡು ಹೋಗಿತ್ತು. ಕಂಪನಿಗಳೇ ಕಾಪಾಡದ ಚಿತ್ರವನ್ನ ಕಾಪಾಡಿದವನು ಕಾನೂನಿನ ಕಣ್ಣಲ್ಲಿ ಕಳ್ಳ. ಇನ್ನು ಚಿತ್ರಗಳ ಒಳಗಿನ ವಿಷವೂ ಕಮ್ಮಿಯದಲ್ಲ. ಮುಖಕ್ಕೆ ಬಣ್ಣ ಬಳಿದ ಬಿಳಿಯರು ಮೂಲನಿವಾಸಿಗಳಾಗಿ ಬಂದು ಕಿರುಚಿ ಸಾಯೋದು, ನೋಡ್ತಾ ನೋಡ್ತಾ ಹೊಟ್ಟೆ ತೊಳಸುತ್ತೆ.

ಅದಕ್ಕೇ 'ದಿ ಡಾಟರ್ ಆಫ್ ಡಾನ್' ಕತೆ ಹೇಳಲೇಬೇಕು. 1920ರಲ್ಲಿ ಒಕ್ಲಹೋಮಾದ ವಿಚಿಟಾ ಬೆಟ್ಟಗಳಲ್ಲಿ ತೆಗೆದ ಚಿತ್ರ. ಮುನ್ನೂರಕ್ಕೂ ಹೆಚ್ಚು ನಟರು, ಎಲ್ಲರೂ ಕೈಯೋವಾ ಮತ್ತು ಕೊಮಾಂಚಿ ಬುಡಕಟ್ಟಿನವರೇ. ಬಟ್ಟೆ ಅವರದೇ, ಡೇರೆ ಅವರದೇ, ಕುದುರೆ ಅವರದೇ. ಕೊಮಾಂಚಿ ನಾಯಕ ಕ್ವಾನಾ ಪಾರ್ಕರ್‌ನ ಮಗ, ಮಗಳು ಇಬ್ಬರೂ ಅದರಲ್ಲಿದ್ದಾರೆ. ಆ ಅಪ್ಪ 1908ರ 'ದಿ ಬ್ಯಾಂಕ್ ರಾಬರಿ'ಯಲ್ಲಿ ಕಾಣಿಸಿಕೊಂಡಿದ್ದ ಅನ್ನೋದು ಇನ್ನೊಂದು ವಿಶೇಷ. ಚಿತ್ರ ಅಲ್ಲಿ ಇಲ್ಲಿ ಒಂದೆರಡು ಪ್ರದರ್ಶನ ಕಂಡು ಮಾಯವಾಯ್ತು. 2005ರಲ್ಲಿ ಎಲ್ಲಿ ಸಿಕ್ಕಿತು ಗೊತ್ತೇ? ನಾರ್ತ್ ಕ್ಯಾರೊಲಿನಾದ ಒಬ್ಬ ಖಾಸಗಿ ಪತ್ತೇದಾರನ ಹತ್ತಿರ. ಯಾರೋ ಅವನ ಫೀಜಿನ ಬದಲು ಈ ರೀಲುಗಳನ್ನ ಕೊಟ್ಟಿದ್ದರು! ಒಕ್ಲಹೋಮಾ ಹಿಸ್ಟಾರಿಕಲ್ ಸೊಸೈಟಿ ಅದನ್ನು ಕೊಂಡು ಸರಿಮಾಡಿಸಿತು. ಕೊಮಾಂಚಿ ಸಂಗೀತಗಾರರೊಬ್ಬರು ಅದಕ್ಕೆ ಸಂಗೀತ ಕೊಟ್ಟರು. 2013ರಲ್ಲಿ ಅದು ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿತು. ಅದನ್ನು ನೋಡೋಕೆ ಬಂದ ಬುಡಕಟ್ಟಿನ ಹಿರಿಯರು ಕತೆ ನೋಡಲಿಲ್ಲ. ಇವರು ನಮ್ಮ ಅತ್ತೆ, ಇವರು ನಮ್ಮ ತಾತ ಅಂತ ಗುರುತು ಹಿಡೀತಾ ಕೂತರು.

ಇದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣ ಹೇಳ್ತೀನಿ.

ನಮ್ಮೂರು ಅರಸೀಕೆರೆ ಕಡೆ. ಟೆಂಟ್ ಟಾಕೀಸಿನಲ್ಲಿ ನೆಲ, ಬೆಂಚು, ಕುರ್ಚಿ ಅಂತ ಮೂರು ದರ್ಜೆ, ನಾವು ಯಾವಾಗಲೂ ನೆಲ. ರೀಲು ಕಟ್ಟಾದಾಗ ಆಪರೇಟರ್ ಎಸೆದ ಚೂರುಗಳನ್ನ ಆರಿಸೋದು ನಮ್ಮ ಕೆಲಸ. ಹಳೇ ಬಲ್ಬಿಗೆ ನೀರು ತುಂಬಿಸಿ, ಕನ್ನಡಿಯಿಂದ ಬಿಸಿಲು ಹೊಡೆಸಿ, ಅಪ್ಪನ ಪಂಚೆಯ ಮೇಲೆ ಸಿನಿಮಾ ಬಿಡ್ತಿದ್ವಿ. ಬಲ್ಬು ಒಡೆದಾಗಲೆಲ್ಲ ಅವ್ವನ ಕೈಲಿ ಒದೆ. ಹಾಗಾಗಿ ನಾನೂ ಒಂದು ಕಾಲದ ಸಂಗ್ರಹಕಾರನೇ. ಆದರೆ ಮನೆಯಲ್ಲಿ ಇನ್ನೊಂದು ವಸ್ತು ಇತ್ತು. ಟೇಪ್ ರೆಕಾರ್ಡರ್ ತಂದ ಹೊಸದರಲ್ಲಿ ಮಾವ ನಮ್ಮಜ್ಜಿಯ ಸೋಬಾನೆ ಪದಗಳನ್ನ ಒಂದು ಕ್ಯಾಸೆಟ್ಟಿಗೆ ಹಿಡಿದಿದ್ದರು. ಎರಡೂ ಕಡೆ ತುಂಬಿತ್ತು. ಎಸ್ಸೆಸ್ಸೆಲ್ಸಿ ರಜೆಯಲ್ಲಿ ನನಗೆ ಖಾಲಿ ಕ್ಯಾಸೆಟ್ ಬೇಕಾಯ್ತು. ತೂತಿಗೆ ಕಾಗದ ತುರುಕಿ ಅದರ ಮೇಲೆ ರೇಡಿಯೋದ ಸಿನಿಮಾ ಹಾಡು ರೆಕಾರ್ಡ್ ಮಾಡಿದೆ. ಅಜ್ಜಿ ಆಗ ಇದ್ದರು, ದಿನಾ ಹಾಡೋರು, ಅದಕ್ಕೇನು ಬೆಲೆ ಅನ್ನಿಸಿತ್ತು. ನಾನು ಎರಡನೇ ಸೆಮಿಸ್ಟರಿನಲ್ಲಿದ್ದಾಗ ಹೋದರು. ಅವರ ದನಿ ಇರೋ ಇನ್ನೊಂದು ಕ್ಯಾಸೆಟ್ ಇಲ್ಲ.

ಬೆಳ್ಳಿಗಾಗಿ ರೀಲು ಕರಗಿಸಿದ ಸ್ಟುಡಿಯೋದವರನ್ನ ಬೈಯೋ ಹಕ್ಕು ನನಗಿಲ್ಲ. ಅವರಿಗಾದರೂ ಬೆಳ್ಳಿ ಸಿಕ್ಕಿತು.

ನಮ್ಮ ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ' ಬಂದಿದ್ದು 1934ರಲ್ಲಿ. ಅದರ ಒಂದು ಪ್ರಿಂಟೂ ಉಳಿದಿಲ್ಲ. ಭಾರತದಲ್ಲಿ ತಯಾರಾದ ಸಾವಿರಕ್ಕೂ ಹೆಚ್ಚು ಮೂಕಿ ಚಿತ್ರಗಳಲ್ಲಿ ಉಳಿದವು ಬೆರಳೆಣಿಕೆ. 1964ರಲ್ಲಿ ಪುಣೆಯ ರಾಷ್ಟ್ರೀಯ ಸಂಗ್ರಹಾಲಯ ಶುರುವಾಗಿ, ಪಿ.ಕೆ. ನಾಯರ್ ಅಂಥವರು ಊರೂರು ಸುತ್ತಿ ಹುಡುಕೋ ಹೊತ್ತಿಗೆ ಬಹಳಷ್ಟು ಮುಗಿದುಹೋಗಿತ್ತು.

ಬೆಂಗಳೂರಿಗೆ ಹೊರಡೋ ಹಿಂದಿನ ಶನಿವಾರ ಅಜ್ಜನಿಗೆ ಕ್ಯಾಸೆಟ್ ವಿಷಯ ಹೇಳಿದೆ. ಸಮಾಧಾನ ಏನೂ ಹೇಳಲಿಲ್ಲ. "ಹಾಡು ಬರೋ ಇನ್ಯಾರಾದರೂ ಇದ್ದಾರಾ ಊರಿನಲ್ಲಿ?" ಅಂತ ಕೇಳಿದರು, ಅಷ್ಟೇ.

ಇದ್ದರು. ಅಜ್ಜಿಯ ಜೊತೆಗೆ ದನಿಗೂಡಿಸುತ್ತಿದ್ದ ದೊಡ್ಡಮ್ಮ. ಊರಿಗೆ ಹೋದ ಮೊದಲ ಭಾನುವಾರ ಜಗಲಿ ಮೇಲೆ ಕೂರಿಸಿ ಫೋನ್ ಮುಂದಿಟ್ಟೆ. "ಇದ್ಯಾಕಪ್ಪಾ ನಿಂಗೆ, ಯಾರ್ ಕೇಳ್ತಾರೆ ಇವನ್ನ?" ಅಂದರು. ಯಾರೂ ಕೇಳಲ್ಲ ದೊಡ್ಡವ್ವ, ನೀನು ಹಾಡು ಅಂದೆ. ಹನ್ನೊಂದು ಪದ ಆಯ್ತು. ನಡುನಡುವೆ ಕೋಳಿ ಕೂಗಿದ್ದು, ಎಮ್ಮೆ ಕಟ್ಟೋಕೆ ಯಾರೋ ಕರೆದಿದ್ದು, ಮಿಲ್ಲಿನ ಸದ್ದು ಎಲ್ಲ ಸೇರಿಕೊಂಡಿದೆ. ಮೊದಲು, ಎಡಿಟ್ ಮಾಡಿ ತೆಗೀಬೇಕು ಅಂದುಕೊಂಡಿದ್ದೆ. ಈಗ ಹಾಗೇ ಇಟ್ಟಿದ್ದೀನಿ, ಮೂರು ಕಡೆ ಕಾಪಿ ಮಾಡಿ.

ನೀವೂ ಈ ವೀಕೆಂಡ್ ಊರಿಗೆ ಹೋದರೆ, ಅಟ್ಟ ಖಾಲಿ ಮಾಡೋ ಮೊದಲು ಒಂದು ಸಲ ಮೇಲೆ ಹತ್ತಿ ನೋಡಿ. ನಿಮ್ಮೂರ ಟೆಂಟಿನ ಆಪರೇಟರ್ ಇನ್ನೂ ಇದ್ದರೆ ಮಾತಾಡಿಸಿ ಬನ್ನಿ.